ಹಮಾಲಿಯ ಹೆಂಡತಿ

ಹಳೇನಗರ, ಭದ್ರಾವತಿ
೧೨-೭-೧೯೬೪, ಭಾನುವಾರ

ಯಜಮಾನರಿಗೆ,

ಜಗದಾಂಬಾ ಮಾಡುವ ನಮಸ್ಕಾರಗಳು. ಪ್ರತಿ ಸಲವೂ "ನಿಮ್ಮ ಪಾದಗಳಿಗೆ" ಎಂದು ಬರೆಯುತ್ತಿದ್ದೆ. ಈ ಸಲ ಬರೆದಿಲ್ಲ. ಮರೆತು ಬಿಟ್ಟದ್ದಲ್ಲ.

ನಿಮ್ಮ ಆರೋಗ್ಯ ಹೇಗಿದೆ? ಚಳಿಗಾಲದಲ್ಲಿ ಹಿಡಿದ ಕೆಮ್ಮು ಪೂರ್ತಿ ಬಿಟ್ಟಿತೇ? ನಾನು ಕಳಿಸಿದ ಜ್ಯೇಷ್ಠಮಧುವನ್ನು ನೀವು ಬಾಯಲ್ಲಿಟ್ಟುಕೊಂಡಿರೋ, ಇಲ್ಲ ಅಲ್ಲಿನ ಗೆಳೆಯರಿಗೆಲ್ಲ ಹಂಚಿ ದಾನಶೂರರಾದಿರೋ? ಆ ಊರಿನ ತೆಳು ರೊಟ್ಟಿ ನಮ್ಮ ರೊಟ್ಟಿಯ ಹಾಗೆಯೇ ಇದೆ ಎಂದು ಬರೆದಿದ್ದಿರಿ. ಹೊಟ್ಟೆಗೆ ಒಗ್ಗಿದ್ದರೆ ಸಂತೋಷ. ಸಿಟ್ಟು ಎಷ್ಟೇ ಇರಲಿ, ಊಟದ ವಿಚಾರ ಕೇಳದೆ ಜಗಳ ಶುರುಮಾಡುವ ಮನೆಯಲ್ಲಿ ನಾನು ಹುಟ್ಟಿದವಳಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಮಾವನವರಿಗೆ ರಕ್ತದ ಒತ್ತಡ ಜಾಸ್ತಿ ಎಂದು ಡಾಕ್ಟರು ಉಪ್ಪು ಬಿಡಿಸಿದ್ದಾರೆ. ಅವರು ಸಾರಿನಲ್ಲಿ ಬಿಟ್ಟು ಉಪ್ಪಿನಕಾಯಿಯಲ್ಲಿ ತಿನ್ನುತ್ತಿದ್ದಾರೆ. ಅತ್ತೆಯವರ ಕಾಲು ನೆಟ್ಟಗಾಗಿದೆ, ಹೊಳೆಯ ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಇಳಿದು ಹತ್ತುತ್ತಾರೆ. ನಾನೂ ಚೆನ್ನಾಗಿದ್ದೇನೆ. ಉತ್ತರ ಬರೆಯುವುದು ಒಂದು ತಿಂಗಳು ತಡವಾಯಿತು. ಭಾನುವಾರ ಬಿಟ್ಟರೆ ನನಗೆ ಕೂತು ಬರೆಯಲು ಬಿಡುವಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಜೂನ್ ಮೊದಲ ವಾರ ನಿಮ್ಮಿಂದ ಒಂದೇ ಟಪಾಲಿನಲ್ಲಿ ಎರಡು ಕಾಗದ ಬಂದವು. ನನಗೆ ಬಂದದ್ದು ದಪ್ಪನೆಯದು. ಮಾವನವರಿಗೆ ಬಂದದ್ದು ತೆಳ್ಳನೆಯದು. ದಪ್ಪ ಕಾಗದದ ತುಂಬ ನೀವಿರುವ ಆರ್ಮೇನಿಯಾದ ವಿಶ್ವವಿದ್ಯಾನಿಲಯಗಳ ಚರಿತ್ರೆ: ಅವು ಹೇಗೆ ಹುಟ್ಟಿದವು, ಹೇಗೆ ಬೆಳೆದವು, ಅಲ್ಲಿ ಮದುವೆಯಾದ ಹೆಂಗಸರು ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬಂದು ಹೇಗೆ ಓದುತ್ತಾರೆ, ಅದನ್ನು ನೋಡಿ ನಿಮ್ಮ ಕಣ್ಣು ಹೇಗೆ ತುಂಬಿ ಬಂತು. ತೆಳು ಕಾಗದವನ್ನು ಮಾವನವರು ಗಾದಿಯ ಮೇಲೆ ಕೂತು ಕನ್ನಡಕ ಏರಿಸಿಕೊಂಡು ನನಗೆ ಕೇಳಿಸಲೆಂದೇ ಗಟ್ಟಿಯಾಗಿ ಓದಿದರು. "ಜಗದಾಂಬಾಳ ಕಾಲೇಜಿನ ವಿಚಾರ ಸದ್ಯಕ್ಕೆ ಬೇಡ. ನಾನು ಬಂದ ಮೇಲೆ ನೋಡೋಣ. ಮದುವೆಯಾದ ಹೆಂಗಸು ಹುಡುಗರ ನಡುವೆ ಬೆಂಚಿನ ಮೇಲೆ ಕೂರುವುದು ನಮ್ಮ ಕಡೆ ಚೆನ್ನಾಗಿ ಕಾಣುವುದಿಲ್ಲ." ಎರಡೂ ಒಂದೇ ಪೆನ್ನು, ಒಂದೇ ಶಾಯಿ. ಬಹುಶಃ ಒಂದೇ ಸಂಜೆ ಬರೆದದ್ದು. ಹೇಳೋದು ವೇದಾಂತ, ತಿನ್ನೋದು ಬದನೆಕಾಯಿ ಎಂದು ನಮ್ಮಜ್ಜಿ ಹೇಳುತ್ತಿದ್ದುದು ಯಾರನ್ನು ಕುರಿತು ಎಂದು ನನಗೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಗೊತ್ತಾಯಿತು.

ನೆನಪಿದೆಯೇ, ಎರಡು ವರ್ಷದ ಹಿಂದೆ ನೀವು ಹೊರಟ ದಿನ? ಕಾಗದನಗರದ ಕ್ವಾರ್ಟರ್ಸಿನ ಬೀಗದ ಕೈಯನ್ನು ಕಾರ್ಖಾನೆಗೆ ಒಪ್ಪಿಸಿ, ನನ್ನ ಟ್ರಂಕನ್ನು ಈ ಮನೆಯಲ್ಲಿಳಿಸಿ, ನೀವು ರೈಲು ಹತ್ತಿದಿರಿ. ಕಿಟಕಿಯಿಂದ ಕೈ ಹೊರಗೆ ಹಾಕಿ ಅಂದಿರಿ, "ನಾನು ಅಲ್ಲಿ ಓದ್ತೀನಿ, ನೀನು ಇಲ್ಲಿ ಓದು. ಇಬ್ರೂ ಒಟ್ಟಿಗೆ ಮುಗಿಸೋಣ ಮಾರಾಯ್ತಿ." ಆ ಮಾತನ್ನು ನಾನು ಕುಂಕುಮದ ಭರಣಿಯಲ್ಲಿಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದೆ. ಮೊದಲ ವರ್ಷ ಅತ್ತೆಯವರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡರು. ಹೋದ ವರ್ಷ ನಿಮ್ಮ ತಂಗಿಯ ಬಾಣಂತನ. ಎರಡೂ ಸಲ ನಾನೇ ಹಿಂದೆ ಸರಿದೆ, ಯಾರೂ ನನ್ನನ್ನು ತಡೆಯಲಿಲ್ಲ. ಈ ವರ್ಷ ಮನೆಯಲ್ಲಿ ಯಾವ ನೆಪವೂ ಉಳಿದಿರಲಿಲ್ಲ. ಆದ್ದರಿಂದ ನೀವು ಸಮುದ್ರದಾಚೆಯಿಂದ ಒಂದು ಕಳಿಸಿಕೊಟ್ಟಿರಿ. ದಾವಣಗೆರೆಯಲ್ಲಿ ಪಿ.ಯು.ಸಿ.ಯನ್ನು ಮೊದಲನೇ ದರ್ಜೆಯಲ್ಲಿ ಮುಗಿಸಿದವಳು ನಾನು, ಅದನ್ನು ನೋಡಿಯೇ ನೀವು ಒಪ್ಪಿದ್ದು. ಕೆಮಿಸ್ಟ್ರಿ ಗೊತ್ತಿರುವ ಹುಡುಗಿ ಎಂದು ಗೆಳೆಯರ ಮುಂದೆ ಹೇಳಿಕೊಂಡು ತಿರುಗಿದಿರಿ. ಎರಡು ವರ್ಷ ಆ ಕೆಮಿಸ್ಟ್ರಿ ಒಗ್ಗರಣೆಗೆ ಸಾಸಿವೆ ಸಿಡಿಯುವುದನ್ನು ನೋಡುತ್ತ ಕೂತಿತ್ತು. ಕಾಲೇಜಿಗೆ ಅರ್ಜಿ ಹಾಕುವ ಕೊನೆಯ ದಿನ ಜೂನ್ ಮುಗಿಯುವುದರೊಳಗೆ ಆಗಿಹೋಯಿತು.

ನೀವು ಬರೆದ ಚರಿತ್ರೆಯನ್ನು ನಾನು ಓದಲಿಲ್ಲ ಎಂದುಕೊಳ್ಳಬೇಡಿ. ನನಗೆ ಅದು ಬಾಯಿಪಾಠ. ಒಪ್ಪಿಸುತ್ತೇನೆ, ತಪ್ಪಿದ್ದರೆ ತಿದ್ದಿ. ಆ ನಾಡಿನಲ್ಲಿ ಆರೇಳು ನೂರು ವರ್ಷದ ಹಿಂದೆಯೇ ಗ್ಲಾಡ್ಜೋರ್, ತಾತೇವ್ ಎಂಬ ಮಠಗಳಲ್ಲಿ ದೊಡ್ಡ ವಿದ್ಯಾಪೀಠಗಳಿದ್ದವು. ದೂರದೂರದಿಂದ ಬಂದವರು ವ್ಯಾಕರಣ, ತರ್ಕ, ಸಂಗೀತ ಕಲಿಯುತ್ತಿದ್ದರು. ಆಮೇಲೆ ಒಬ್ಬ ದೊರೆ ಹೋಗಿ ಇನ್ನೊಬ್ಬ ಬಂದು ನಾಡು ಹರಿದು ಹಂಚಿಹೋಯಿತು. ಓದಬೇಕೆಂದವರು ಜರ್ಮನಿಗೋ ಪೀಟರ್ಸ್‌ಬರ್ಗಿಗೋ ಹೋಗಬೇಕಾಯಿತು. ಮೊದಲನೇ ಮಹಾಯುದ್ಧದಲ್ಲಿ ತುರ್ಕರ ರಾಜ್ಯದಲ್ಲಿದ್ದ ಅವರ ಜನರನ್ನು ಲಕ್ಷಗಟ್ಟಲೆ ಕೊಂದರು. ಉಳಿದವರು ಓಡಿಬಂದು ಒಂದು ಮೂಲೆಯಲ್ಲಿ ಪುಟ್ಟ ಸರ್ಕಾರ ಮಾಡಿಕೊಂಡರು. ಬೀದಿಯ ತುಂಬ ನಿರಾಶ್ರಿತರು, ಅನಾಥ ಮಕ್ಕಳು, ಸಾಂಕ್ರಾಮಿಕ ಜ್ವರ. ಅಂಥ ೧೯೧೯ರಲ್ಲಿ ಆ ಸರ್ಕಾರ ಕೂತು ಮಾಡಿದ ತೀರ್ಮಾನ, ನಮಗೊಂದು ವಿಶ್ವವಿದ್ಯಾನಿಲಯ ಬೇಕು ಎಂದು. ರಾಜಧಾನಿ ಎರೆವಾನಿನಲ್ಲಿ ತಕ್ಕ ಕಟ್ಟಡ ಸಿಗಲಿಲ್ಲ. ಅಲೆಕ್ಸಾಂಡ್ರೊಪೋಲ್ ಎಂಬ ಊರಿನ ವಾಣಿಜ್ಯ ಶಾಲೆಯ ಕಟ್ಟಡದಲ್ಲಿ ಮರುವರ್ಷ ಜನವರಿಯ ಹಿಮದಲ್ಲಿ ಬಾಗಿಲು ತೆರೆದೇಬಿಟ್ಟರು. ಇದ್ದದ್ದು ಒಂದೇ ವಿಭಾಗ, ಚರಿತ್ರೆ ಮತ್ತು ಭಾಷೆಯದು. ಹೊರದೇಶಗಳಲ್ಲಿ ಓದಿಕೊಂಡು ಸುಖವಾಗಿದ್ದ ತಮ್ಮವರನ್ನು ಬನ್ನಿ ಎಂದು ಕರೆದರು, ಅವರು ಬಂದರು. ಸೌದೆ ಇಲ್ಲದೆ ಮೇಲುಕೋಟು ಬಿಚ್ಚದೆಯೇ ಪಾಠ ಹೇಳಿದರು, ಬಿಚ್ಚದೆಯೇ ಕೇಳಿದರು ಎಂದು ನಿಮಗೆ ಯಾರೋ ಹೇಳಿದರಂತೆ. ವರ್ಷ ತುಂಬುವುದರೊಳಗೆ ಆ ಸರ್ಕಾರ ಬಿದ್ದು ಬೊಲ್ಷೆವಿಕರು ಬಂದರು, ನಾಡು ರಷ್ಯಾದ ಕೂಟಕ್ಕೆ ಸೇರಿತು. ವಿಶ್ವವಿದ್ಯಾನಿಲಯ ಮಾತ್ರ ಬೀಳಲಿಲ್ಲ. ಎರೆವಾನಿಗೆ ಬಂದು ಬೇರೆ ಹೆಸರಿಟ್ಟುಕೊಂಡು ಮುಂದುವರಿಯಿತು.

ಮುಂದಿನದನ್ನೂ ಹೇಳುತ್ತೇನೆ. ಓದು ಬರಹ ಬಿಟ್ಟುಹೋದ ಕೂಲಿಕಾರರನ್ನು ಕಾಲೇಜಿಗೆ ತಯಾರು ಮಾಡಲೆಂದೇ ಒಂದು ವಿಭಾಗ ತೆಗೆದರು. ಗಣಿತವನ್ನೂ ರಸಾಯನವನ್ನೂ ತಮ್ಮ ಭಾಷೆಯಲ್ಲೇ ಹೇಳಬೇಕೆಂದು ಹಟ ಹಿಡಿದು, ಇಲ್ಲದ ಪದಗಳನ್ನು ಕೂತು ಮಾಡಿದರು. ಮೂವತ್ತರ ಹೊತ್ತಿಗೆ ವೈದ್ಯಕೀಯ, ಬೇಸಾಯ, ಎಂಜಿನಿಯರಿಂಗ್ ಒಂದೊಂದಾಗಿ ಬೇರೆಯಾಗಿ ಸ್ವಂತ ಸಂಸ್ಥೆಗಳಾದವು, ಕೂಡಿದ್ದ ಮನೆ ಪಾಲಾದ ಹಾಗೆ. ಆದರೆ ಪಾಲಾದ ಮೇಲೆ ಒಂದೊಂದು ಒಲೆಯೂ ಮೊದಲಿಗಿಂತ ಜೋರಾಗಿ ಉರಿಯಿತು ಎಂದು ಬರೆದಿದ್ದೀರಿ. ಈಗ ಅಲ್ಲಿ ಫೀಸಿಲ್ಲ, ಸಂಜೆಯ ತರಗತಿಗಳಿವೆ, ಟಪಾಲಿನಲ್ಲಿ ಪಾಠ ತರಿಸಿಕೊಂಡು ಓದುವವರಿದ್ದಾರೆ. ನಿಮ್ಮ ಪ್ರಯೋಗಾಲಯದ ಮುಖ್ಯಸ್ಥೆ ಸಿರಾನುಶ್ ಎಂಬ ಹೆಂಗಸು. ಅನಾಥಾಲಯದಲ್ಲಿ ಬೆಳೆದವರು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಅವರು ಒಳಗೆ ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ, ನಾನೂ ನಿಲ್ಲುತ್ತೇನೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಬಹಳ ಸಂತೋಷ. ಇಲ್ಲಿ ನಿಮ್ಮ ತಂದೆ ಒಳಗೆ ಬಂದರೆ ನಾನು ಎದ್ದು ನಿಲ್ಲುತ್ತೇನೆ. ಎದ್ದು ನಿಲ್ಲುವ ಮಟ್ಟಿಗೆ ಗಂಡ ಹೆಂಡತಿ ಒಂದೇ ತರಗತಿಯಲ್ಲಿದ್ದೇವೆ.

ನನಗೆ ಒಂದು ಮಾತು ಹೇಳಿ. ಆ ೧೯೧೯ರಲ್ಲಿ ಅವರೂ "ನೋಡೋಣ" ಎಂದಿದ್ದರೆ? ಮೊದಲು ಹೊಟ್ಟೆಗೆ ಸಿಗಲಿ, ಆಮೇಲೆ ನೋಡೋಣ. ಮೊದಲು ಕಟ್ಟಡವಾಗಲಿ, ಆಮೇಲೆ ನೋಡೋಣ. ನಾಲ್ಕು ಜನ ಏನೆನ್ನುತ್ತಾರೋ, ಆಮೇಲೆ ನೋಡೋಣ. ಹಾಗೆಂದಿದ್ದರೆ ನೀವು ಇವತ್ತು ಎಲ್ಲಿ ಕೂತು ಕಣ್ಣು ತುಂಬಿಕೊಳ್ಳುತ್ತಿದ್ದಿರಿ? ಹಸಿದ ನಾಡು ಕಾಯಲಿಲ್ಲ. ನನಗೆ ಹೊಟ್ಟೆಗಿದೆ, ಬಟ್ಟೆಗಿದೆ, ಶಿವಮೊಗ್ಗೆಗೆ ರೈಲಿದೆ, ಅಲ್ಲಿ ಕಾಲೇಜಿದೆ, ಅದಕ್ಕೆ ಮಾಡೂ ಇದೆ ಗೋಡೆಯೂ ಇದೆ. ಇಲ್ಲದಿದ್ದದ್ದು ನಿಮ್ಮ ಒಂದು ಸಾಲು. ನಿಮ್ಮ ತಂದೆಯ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ಅವರು ಶ್ರಾವಣದಲ್ಲಿ ತಮ್ಮ ಅಕ್ಕಿ ಮಂಡಿಯ ಮಹಡಿಯ ಮೇಲೆ ಪ್ರವಚನ ಇಡಿಸುತ್ತಾರೆ, ಅನುಭವ ಮಂಟಪದಲ್ಲಿ ಹೆಂಗಸರೂ ಸಮಸಮವಾಗಿ ಕೂತು ಮಾತಾಡಿದರು ಎಂದರೆ "ಆಹಾ" ಎಂದು ತಲೆದೂಗುತ್ತಾರೆ, ಕೆಳಗಿಳಿದು ಬಂದು ನೀರು ಕೊಡು ಎನ್ನುತ್ತಾರೆ. ಅವರು ಮೊದಲಿಂದ ಹಾಗೆಯೇ. ನೀವು ಹಾಗಲ್ಲ ಎಂದು ನಂಬಿದ್ದೆ. ನಂಬಿದ್ದಕ್ಕೇ ಹೊಟ್ಟೆ ಉರಿಯುತ್ತಿದೆ.

ಈಗ ಇಲ್ಲಿ ಆದದ್ದನ್ನು ಹೇಳುತ್ತೇನೆ. ಓದುತ್ತ ಓದುತ್ತ ನೀವು ಪೆನ್ನಿಗೆ ಕೈ ಹಾಕುತ್ತೀರಿ, ನನಗೆ ಗೊತ್ತು. ದಯವಿಟ್ಟು ಕೊನೆಯ ಅಕ್ಷರದವರೆಗೆ ಓದಿ, ಆಮೇಲೆ ಪೆನ್ನು ಮುಟ್ಟಿ. ನಿಮ್ಮ ಕಾಗದ ಬಂದರೆ ಅದನ್ನು ಭಾನುವಾರ ನಾನು ಅತ್ತೆಯವರಿಗೆ ಓದಿ ಹೇಳುವುದು ವಾಡಿಕೆ. ಈ ಸಲವೂ ಹಿತ್ತಲ ಜಗುಲಿಯಲ್ಲಿ ಕೂತು ದಪ್ಪ ಕಾಗದ ಬಿಚ್ಚಿದೆ. ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು, ಅಕ್ಕಿ ಆರಿಸಲು ಬರುವ ಹುಲಿಗೆಮ್ಮ ಮೊರ ಹಿಡಿದು ಕೂತಿದ್ದಳು. ಕೊನೆಯ ಹಾಳೆಯಲ್ಲಿ ನೀವು ಆ ಊರಿನ ಮಾತಿನಲ್ಲಿ ವಿಶ್ವವಿದ್ಯಾನಿಲಯಕ್ಕೆ ಏನೆನ್ನುತ್ತಾರೋ ಅದನ್ನೇ ಬಳಸಿ ಬರೆದಿದ್ದಿರಿ, ಪಾಂಡಿತ್ಯ ತೋರಿಸಲು. ಇದ್ದದ್ದು ಇದ್ದ ಹಾಗೆ ಓದಿದೆ: "ಬೆಳಗಿನಿಂದ ಸಂಜೆಯವರೆಗೆ ನಾನು ಹಮಲ್ಸರಾನ್‌ನಲ್ಲೇ ಇರುತ್ತೇನೆ. ಹೋದ ಶನಿವಾರ ಹೊಸ ಕಟ್ಟಡಕ್ಕೆ ನಾವೆಲ್ಲ ಸೇರಿ ಕಲ್ಲು ಹೊತ್ತೆವು. ಇದಕ್ಕೆ ಇಲ್ಲಿ ಯಾರೂ ಕೂಲಿ ತೆಗೆದುಕೊಳ್ಳುವುದಿಲ್ಲ. ಬೆನ್ನು ಇನ್ನೂ ನೋಯುತ್ತಿದೆ, ಆದರೆ ಮನಸ್ಸಿಗೆ ಎಂಥ ಸಂತೋಷ!" ಅತ್ತೆಯವರ ಕೈಯಿಂದ ಬತ್ತಿ ಬಿತ್ತು. "ಏನಂದೆ? ಹಮಾಲಿ ಸರಾನಾ? ನನ್ನ ಶಂಕ್ರ ಹಮಾಲಿ ಮಾಡ್ತಿದಾನಾ? ಕಲ್ಲು ಹೊರಿಸಿ ಕೂಲೀನೂ ಕೊಡಲ್ವಂತಾ?" ಎಂದು ಎದೆ ಬಡಿದುಕೊಂಡರು. ಅಕ್ಕಿ ಮಂಡಿಯ ಯಜಮಾನರಾದ ಷಡಕ್ಷರಪ್ಪನವರ ಮಗ, ತಮ್ಮ ಮಂಡಿಯಲ್ಲಿ ಮೂಟೆ ಹೊರುವ ಹಮಾಲಿಗಳಿಗೆ ಬಟವಾಡೆ ಮಾಡುತ್ತ ಬೆಳೆದವನು, ರಷ್ಯಾದಲ್ಲಿ ಹಮಾಲಿ!

ನಾನು ಹೇಳಿದೆ. ಹಿಂದೊಮ್ಮೆ ನೀವೇ ಬಿಡಿಸಿ ಬರೆದಿದ್ದ ಅರ್ಥವನ್ನು ಬಸವಣ್ಣನಾಣೆಗೂ ಹೇಳಿದೆ. "ಅತ್ತೆ, ಅದು ಹಮಾಲಿ ಅಲ್ಲ, ಹಮಲ್ಸರಾನ್. ಕಾಲೇಜು. ಹಮ್ ಅಂದ್ರೆ ಕೂಡಿ, ಲ್ಸರಾನ್ ಅಂದ್ರೆ ಕೇಳೋ ಜಾಗ. ಎಲ್ಲರೂ ಕೂಡಿ ಕೂತು ಕೇಳೋ ಜಾಗ ಅಂತ ಅರ್ಥ." ಯಾರೂ ಕೇಳಲಿಲ್ಲ. ಗಂಡನ ಮಾನ ಮುಚ್ಚಲು ಕತೆ ಕಟ್ಟುತ್ತಾಳೆ ಎಂದರು. ಹುಲಿಗೆಮ್ಮ ಅರ್ಧ ಅಕ್ಕಿ ಹಾಗೇ ಬಿಟ್ಟು ಎದ್ದು ಹೋದಳು, ಹೊತ್ತು ಮುಳುಗುವುದರೊಳಗೆ ಹಳೇನಗರಕ್ಕೆಲ್ಲ ಸುದ್ದಿ. ಸಂಜೆ ಮಾವನವರು ಮಂಡಿಯಿಂದ ಬಂದವರೇ ನನ್ನ ಕೈಯಲ್ಲಿ ಅದೇ ಹಾಳೆಯನ್ನು ಮತ್ತೆ ಓದಿಸಿದರು. ನಾನು ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ಕಲ್ಲು, ಬೆನ್ನು, ಕೂಲಿ ಇಲ್ಲ, ಎಲ್ಲ ನಿಮ್ಮದೇ ಕೈಬರಹ. ಅವರಿಗೆ ಪೂರ್ತಿ ನಂಬಿಕೆಯಾಗಲಿಲ್ಲ. ನಿವೃತ್ತ ಮೇಷ್ಟ್ರು ಗಣಪಯ್ಯನವರನ್ನು ಕರೆಸಿದರು. ಅವರಿಗೆ ಉರ್ದು ಪಾರ್ಸಿ ಎಲ್ಲ ಬರುತ್ತದೆಂದು ಊರಿಗೇ ಗೊತ್ತು. ಮೇಷ್ಟ್ರು ನಶ್ಯ ಏರಿಸಿ, ಕಣ್ಣು ಮುಚ್ಚಿ, ನಿರ್ಣಯ ಕೊಟ್ಟರು. "ಹಮಾಲ್ ಅನ್ನೋದು ಅರಬ್ಬೀ ಪದ. ತುರ್ಕಿ ಕಡೆಗೆಲ್ಲ ಹೊರೆ ಹೊರೋನಿಗೆ ಹಾಗೇ ಅಂತಾರೆ. ಸರಾನ್ ಅಂದ್ರೆ ಸರಾಯ್, ತಂಗೋ ಜಾಗ. ಹಮಾಲಿಗಳ ಛತ್ರ ಷಡಕ್ಷರಪ್ಪನೋರೇ, ಅನುಮಾನವೇ ಇಲ್ಲ." ಕಾಫಿ ಕುಡಿದು ಹೋದರು. ಅಲ್ಲಿಗೆ ನಿಮ್ಮ ಎಂ.ಎಸ್ಸಿ., ನಿಮ್ಮ ಸರ್ಕಾರಿ ವಿದ್ಯಾರ್ಥಿವೇತನ, ಎಲ್ಲಾ ಒಂದು ಚಿಟಿಕೆ ನಶ್ಯದಲ್ಲಿ ಹಾರಿಹೋಯಿತು. ಕಾಫಿ ತೋಟದ ಮೇಸ್ತ್ರಿಗಳು ಆಸೆ ತೋರಿಸಿ ಆಳುಗಳನ್ನು ಸಾಗಿಸುವ ಹಾಗೆ, ರಷ್ಯಾದವರು ಓದಿಸುತ್ತೇವೆ ಎಂದು ನಿಮ್ಮನ್ನು ಸಾಗಿಸಿದ್ದಾರೆ ಎಂದು ಮನೆಯಲ್ಲಿ ತೀರ್ಮಾನವಾಯಿತು.

ಆಮೇಲಿನ ದಿನಗಳನ್ನು ಕೇಳಬೇಡಿ. ಬರುವವರು ಹೋಗುವವರು ಎಲ್ಲರೂ ಸಾವಿನ ಮನೆಗೆ ಬಂದ ಹಾಗೆ ಮುಖ ಮಾಡಿಕೊಂಡು ಕೂರುತ್ತಿದ್ದರು. ನೀರಿಗೆ ಹೋದರೆ ಹಿಂದಿನಿಂದ "ಹಮಾಲಿ ಹೆಂಡ್ತಿ" ಎಂದು ಪಿಸುಗುಟ್ಟುತ್ತಿದ್ದರು. ಮೊದಲ ದಿನ ನನಗೆ ಅಳು ಬಂತು. ಎರಡನೇ ದಿನ ನಗು ಬಂತು. ಮೂರನೇ ದಿನ ನಿಮಗೆ ತಕ್ಕ ಶಾಸ್ತಿಯಾಯಿತು ಎನ್ನಿಸಿತು, ಆ ಅನ್ನಿಸಿಕೆ ಈಗಲೂ ಹೋಗಿಲ್ಲ. ನಮ್ಮ ಮಂಡಿಯ ಹಮಾಲಿಗಳ ಮುಖ್ಯಸ್ಥ ಹೊನ್ನಯ್ಯನಿಗೆ ಮಾತ್ರ ಬೇಜಾರಾಗಿತ್ತು. ಹಿತ್ತಲಿಗೆ ಗೋಣಿಚೀಲ ಇಳಿಸಲು ಬಂದವನು, "ಹಮಾಲಿ ಮಾಡೋದು ಸತ್ತಷ್ಟು ಕೆಟ್ಟದ್ದೇನ್ರವ್ವಾ? ನಾವೆಲ್ಲ ಬದುಕಿಲ್ವಾ?" ಎಂದ. ಅವನಿಗೆ ಕೂರಲು ಹೇಳಿ, ಪೂರ್ತಿ ಚರಿತ್ರೆ ಹೇಳಿದೆ, ಕೂಲಿಕಾರರ ವಿಭಾಗದ್ದನ್ನೂ ಸಿರಾನುಶ್ ಅವರದನ್ನೂ ಸೇರಿಸಿ. ಗಲ್ಲಕ್ಕೆ ಕೈಕೊಟ್ಟು ಕೇಳಿದ. "ಹಮಾಲಿಗಳೂ ಓದ್ಬೋದಂತಾ ಅಲ್ಲಿ? ಹಂಗಾದ್ರೆ ಚಿಕ್ಕ ಧಣಿ ಒಳ್ಳೆ ಜಾಗಕ್ಕೇ ಹೋಗವ್ರೆ ಬಿಡಿ" ಎಂದು ಎದ್ದ. ಈ ಮನೆಯಲ್ಲಿ ನನ್ನ ಮಾತನ್ನು ಕೊನೆಯವರೆಗೆ ಕೂತು ಕೇಳಿದವನು ಅವನೊಬ್ಬ. ಆ ಗಳಿಗೆಯಲ್ಲಿ ಹಿತ್ತಲ ಜಗುಲಿಯೇ ನನ್ನ ಹಮಲ್ಸರಾನ್ ಆಗಿತ್ತು. ಅತ್ತೆಯವರು ಬಾಗಿಲ ಹಿಂದೆ ಮೊಸರು ಕಡೆಯುತ್ತಿದ್ದರು.

ನಿಮ್ಮ ತಂದೆಗೆ ಒಂದು ಕಾಗದ ಬರೆದು ಎಲ್ಲವನ್ನೂ ಸರಿಮಾಡುವುದು ನಿಮಗೆ ಸುಲಭ. ಸರ್ಕಾರದ ಮೊಹರಿರುವ ಪತ್ರವನ್ನು ಜೊತೆಗಿಟ್ಟು, ಸೂಟು ಹಾಕಿಕೊಂಡು ಆ ಕಟ್ಟಡದ ಮುಂದೆ ನಿಂತ ಫೋಟೋ ಕಳಿಸಿದರೆ ಸಾಕು, ಮಾವನವರು ಅದಕ್ಕೆ ಕಟ್ಟು ಹಾಕಿಸಿ ಮಂಡಿಯಲ್ಲಿ ತೂಗುಹಾಕುತ್ತಾರೆ. ಗಂಡಸಿನ ಓದು ಸುಳ್ಳಾದರೆ ಊರೆಲ್ಲ ಮರುಗುತ್ತದೆ, ನಿಜವಾದರೆ ಊರೆಲ್ಲ ಸಕ್ಕರೆ ಹಂಚುತ್ತದೆ. ನನ್ನ ಓದು ನಿಂತಾಗ ಯಾರೂ ಎದೆ ಬಡಿದುಕೊಳ್ಳಲಿಲ್ಲ, ನೀವೂ ಕೂಡ. ನಿಮಗೆ ಮೂರು ದಿನ ಮರುಗಿದ ಜನ ನನಗೆ ಮೂರು ನಿಮಿಷ ಮರುಗಿದ್ದರೆ ಈ ಕಾಗದ ಇಷ್ಟು ಉದ್ದವಾಗುತ್ತಿರಲಿಲ್ಲ. ಪ್ರೀತಿಯಿಲ್ಲದೆ ಹೀಗೆ ಬರೆಯುತ್ತಿದ್ದೇನೆ ಎಂದುಕೊಂಡರೆ ಅದು ನಿಮ್ಮ ದಡ್ಡತನ. ಪ್ರೀತಿಯಿಲ್ಲದಿದ್ದರೆ ಎರಡು ಸಾಲಿನ ತೆಳು ಕಾಗದ ಬರೆಯುತ್ತಿದ್ದೆ.

ಮಾವನವರೂ ಅತ್ತೆಯವರೂ ಆಶೀರ್ವಾದ ತಿಳಿಸಿದ್ದಾರೆ. ಹೊನ್ನಯ್ಯ ಶರಣು ಹೇಳಿದ್ದಾನೆ, ಮಣ ಎತ್ತುವ ಮೊದಲು ಮೊಣಕಾಲು ಬಗ್ಗಿಸಬೇಕು, ಸೊಂಟ ಬಗ್ಗಿಸಬಾರದು ಎಂದು ನಿಮಗೆ ತಿಳಿಸಲು ಹೇಳಿದ್ದಾನೆ. ಸಿರಾನುಶ್ ಅವರಿಗೆ ನನ್ನ ನಮಸ್ಕಾರಗಳನ್ನು ತಪ್ಪದೆ ತಿಳಿಸಿ, ಅವರ ಪಾದಗಳಿಗೆ ಎಂದೇ ತಿಳಿಸಿ. ಎಣ್ಣೆ ಸ್ನಾನ ಬಿಡಬೇಡಿ. ಲಿಂಗಪೂಜೆ ತಪ್ಪಿಸಬೇಡಿ.

ಇಂತು ನಿಮ್ಮ ಮೇಲೆ ಇನ್ನೂ ಸಿಟ್ಟಿನಲ್ಲಿರುವ,
ಜಗದಾಂಬಾ

ಮರೆತಿದ್ದೆ: ನಾನು ಕಾಲೇಜು ಸೇರಿದ್ದೇನೆ. ಬಿ.ಎಸ್ಸಿ., ಮೊದಲನೇ ವರ್ಷ. ತರಗತಿ ಶುರುವಾಗಿದೆ. ಬೆಳಗಿನ ರೈಲಿಗೆ ಶಿವಮೊಗ್ಗೆಗೆ ಹೋಗಿ ಸಂಜೆಗೆ ಬರುತ್ತೇನೆ, ಅದಕ್ಕೇ ಭಾನುವಾರ ಬಿಟ್ಟು ಬಿಡುವಿಲ್ಲ. ಸೇರಿಸಿದ್ದು ಅತ್ತೆ. ಮೇಷ್ಟ್ರು ನಿರ್ಣಯ ಕೊಟ್ಟು ಹೋದ ಮೇಲೆ ಅತ್ತೆ ಊಟ ಬಿಟ್ಟು ಹೊಸ್ತಿಲ ಮೇಲೆ ಕೂತರು. "ಮಗ ಬೆನ್ನು ಮುರ್ಕೊಂಡು ಬರ್ತಾನೆ. ಬಂದ ಮೇಲೆ ಕಾರ್ಖಾನೆಯವ್ರು ತಗೋತಾರಾ? ಸೊಸೆ ಓದಿ ಒಂದು ಕೆಲಸ ಹಿಡೀಲಿ, ಇಲ್ಲಾಂದ್ರೆ ನಾನು ಅನ್ನ ಮುಟ್ಟಲ್ಲ." ಎರಡನೇ ಹೊತ್ತಿಗೆ ಮಾವನವರು ಸೋತರು, ಕೊನೆಯ ದಿನಕ್ಕೆ ಮುಂಚೆ ತಾವೇ ನನ್ನನ್ನು ಕರೆದುಕೊಂಡು ಹೋಗಿ ಫೀಸು ಕಟ್ಟಿದರು. ಹಮಾಲಿಯ ಹೆಂಡತಿ ಓದಬೇಕು, ವಿದ್ವಾಂಸನ ಹೆಂಡತಿ ಓದಬೇಕಾಗಿಲ್ಲ. ಇದು ನಮ್ಮ ಮನೆಯ ನ್ಯಾಯ. ಹಾಗಾಗಿ ನಿಮಗೆ ಬಿಟ್ಟದ್ದು. ನಿಜ ಬರೆದರೆ ನೀವು ಮತ್ತೆ ವಿದ್ವಾಂಸರು, ನಾನು ಮರುದಿನವೇ ಅಡುಗೆಮನೆಗೆ. ಸುಮ್ಮನಿದ್ದರೆ ನಾನು ಬಿ.ಎಸ್ಸಿ. ಮುಗಿಸುವವರೆಗೆ ಭದ್ರಾವತಿಯಲ್ಲಿ ನೀವು ಹಮಾಲಿ. ಒಟ್ಟಿಗೆ ಮುಗಿಸೋಣ ಎಂದವರು ನೀವೇ.

ಇನ್ನೊಂದು. ಮೊನ್ನೆ ಬುತ್ತಿ ಕಟ್ಟುತ್ತ ಅತ್ತೆ ಕೇಳಿದರು, "ಆ ಸಿರಾನಮ್ಮ ಕಾಲೇಜಿಗೆ ಹೋಗೋವಾಗ ಮಕ್ಕಳನ್ನ ನೋಡ್ಕೊಂಡೋರು ಯಾರಂತೆ? ಅತ್ತೆ ಇದ್ಲಂತಾ?" ನಾನು ಬೆರಗಾಗಿ, ಹಮಾಲಿಗಳ ಛತ್ರದಲ್ಲಿ ಕಾಲೇಜು ಎಲ್ಲಿಂದ ಬಂತು ಅತ್ತೆ ಎಂದೆ. "ರೈಲು ಹೋಗತ್ತೆ, ನಡಿ" ಎಂದರು. ಈಗ ಪಕ್ಕದಲ್ಲೇ ಬಂದು ಕೂತಿದ್ದಾರೆ, ಅಂಟು ಹಚ್ಚುವ ಮೊದಲು ತಮ್ಮ ಮಾತನ್ನೂ ಬರೆಯಬೇಕಂತೆ. ಹೇಳಿದ ಹಾಗೇ ಬರೆಯುತ್ತೇನೆ: "ಶಂಕ್ರಾ, ನಿಮ್ಮಪ್ಪನಿಗೆ ತಿಂಗಳಿಗೊಂದು ಕಾಗದ ಹಾಕು. ಬೆನ್ನು ನೋವು ಜಾಸ್ತಿಯಾಗಿದೆ ಅಂತ ಬರಿ."